ವಾಸನೆಯೇ ಇಲ್ಲದ ನಾಲ್ಕು ಬಾಟಲಿ

ಹೋದ ತಿಂಗಳು ಒಂದು ಎಡವಟ್ಟಾಯಿತು. ನಾನು ಸೆಂಟು ಬೆರೆಸುವ ಕಪಾಟಿನಲ್ಲಿ ಆಲ್ಕೊಹಾಲ್ ಬಾಟಲಿ ಮಗುಚಿತು. ಗಾಬರಿಯಲ್ಲಿ ಬಟ್ಟೆ ತಗೊಂಡು ಎಲ್ಲ ಒರೆಸಿದೆ. ಆಮೇಲೆ ನೋಡಿದರೆ ಪಕ್ಕದ ನಾಲ್ಕು ಬಾಟಲಿಗಳ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದ ಹೆಸರುಗಳೂ ಮಾಯ. ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್), ಐಪಿಎಂ (ಐಸೊಪ್ರೊಪೈಲ್ ಮಿರಿಸ್ಟೇಟ್), ಡಿಇಪಿ (ಡೈಈಥೈಲ್ ಥಾಲೇಟ್), ಬೆಂಝಿಲ್ ಬೆಂಝೊಯೇಟ್. ಯಾವುದು ಯಾವುದೋ ದೇವರಿಗೇ ಗೊತ್ತು.

ನಾಲ್ಕೂ ನೀರಿನ ಹಾಗೆ ತಿಳಿ. ನಾಲ್ಕಕ್ಕೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ವಾಸನೆ ಇಲ್ಲ ಅನ್ನೋ ಕಾರಣಕ್ಕೇ ಅಲ್ವಾ ಇವನ್ನು ದುಡ್ಡು ಕೊಟ್ಟು ತರುವುದು? ಪರ್ಫ್ಯೂಮ್ ಮಾಡುವವರು ಇವನ್ನು ಕ್ಯಾರಿಯರ್ ಅಥವಾ ಸಾಲ್ವೆಂಟ್ ಅನ್ನುತ್ತಾರೆ. ಪರಿಮಳದ ವಸ್ತುವನ್ನು ಕರಗಿಸಿ, ತೆಳು ಮಾಡಿ, ಹೊತ್ತುಕೊಂಡು ಹೋಗುವ ದ್ರವಗಳು.

ಕೊನೆಗೆ ತೂಕದಿಂದ ಹಿಡಿದೆ. ಸಿರಿಂಜಿನಲ್ಲಿ ಸರಿಯಾಗಿ 10 ಎಂಎಲ್ ಎಳೆದು ಒಂದೊಂದನ್ನೇ ತೂಗಿದೆ. ಒಂದು 8.5 ಗ್ರಾಂ ಬಂತು. ಅದು ಐಪಿಎಂ, ಅನುಮಾನವೇ ಇಲ್ಲ. ನಾಲ್ಕರಲ್ಲಿ ನೀರಿಗಿಂತ ಹಗುರ ಇರುವುದು ಅದೊಂದೇ. ಇನ್ನೊಂದು 10.2. ಅದರ ಒಂದು ಹನಿ ನೀರಿಗೆ ಬಿಟ್ಟೆ. ಎಳೆ ಎಳೆಯಾಗಿ ಇಳಿಯಿತು, ಸ್ವಲ್ಪ ಕದಡಿದ ಕೂಡಲೇ ಗುರುತೇ ಸಿಗದ ಹಾಗೆ ಬೆರೆತುಹೋಯಿತು. ಡಿಪಿಜಿ. ಉಳಿದ ಎರಡೂ ಹತ್ತಿರ ಹತ್ತಿರ 11.2! ನೀರಿಗೆ ಬಿಟ್ಟರೆ ಎರಡೂ ಗುಂಡಗೆ ತಳಕ್ಕೆ ಹೋಗಿ ಕೂತವು. ಸರಿ, ಎರಡನ್ನೂ ಫ್ರಿಜ್ಜಿಗೆ ಹಾಕಿದೆ. ಬೆಂಝಿಲ್ ಬೆಂಝೊಯೇಟ್ 20 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗಬೇಕು. ಆದರೆ ಅದು ಹಟಮಾರಿ, ತಣ್ಣಗಾದರೂ ಎಷ್ಟೋ ಹೊತ್ತು ದ್ರವವಾಗಿಯೇ ಕೂತಿರುತ್ತದೆ. ಎರಡನೇ ದಿನ ಬೆಳಿಗ್ಗೆ ಒಂದು ಬಾಟಲಿಯಲ್ಲಿ ಬಿಳಿ ಹರಳು ಕಟ್ಟಿತ್ತು. ಇನ್ನೊಂದರಲ್ಲಿ ಡಿಇಪಿ ಆರಾಮಾಗಿ ಹರಿದಾಡುತ್ತಿತ್ತು.

"ಸಾಲ್ವೆಂಟಾ? ಅದು ಸುಮ್ನೆ ಬಾಟಲಿ ತುಂಬಿಸೋಕೆ ಹಾಕೋದು, ಕಲಬೆರಕೆ" ಅನ್ನುವ ಮಾತು ಕೇಳಿದಾಗಲೆಲ್ಲ ಈಗ ಆ ನಾಲ್ಕು ಬಾಟಲಿ ನೆನಪಾಗುತ್ತವೆ. ಒಂದು ತೇಲುತ್ತದೆ, ಒಂದು ಬೆರೆಯುತ್ತದೆ, ಒಂದು ಮುಳುಗುತ್ತದೆ, ಒಂದು ಚಳಿಗೆ ಹೆಪ್ಪುಗಟ್ಟುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಮೇಣದಬತ್ತಿಗೆ ಡಿಪಿಜಿಯಲ್ಲಿ ಕರಗಿಸಿದ ಸೆಂಟು ಹಾಕಿ ನೋಡಿ, ಮೇಣದ ಜೊತೆ ಸೇರದೆ ಬೆವರಿನ ಹಾಗೆ ಹೊರಗೆ ಬರುತ್ತದೆ. ಐಪಿಎಂ ಇರುವ ಮಿಶ್ರಣಕ್ಕೆ ಆಲ್ಕೊಹಾಲ್ ಹಾಕಿ, ಮೇಲೆ ನೀರು ಸ್ವಲ್ಪ ಜಾಸ್ತಿಯಾದರೆ ಇಡೀ ಬಾಟಲಿ ಮಬ್ಬಾಗುತ್ತದೆ. ಎರಡೂ ನನ್ನ ಕೈಯಾರೆ ಆಗಿವೆ.

ಇವಿಲ್ಲದೆ ಸೆಂಟು ಮಾಡಲು ಆಗುವುದೇ ಇಲ್ಲ. ವೆನಿಲಿನ್ ಪುಡಿ, ಕೂಮರಿನ್ ಹರಳು, ಎರಡೂ ಗಟ್ಟಿ ರೂಪದ ಪರಿಮಳ ವಸ್ತುಗಳು. ಇವನ್ನು ಹಾಗೇ ಚರ್ಮಕ್ಕೆ ಸ್ಪ್ರೇ ಮಾಡಲಾಗುತ್ತದಾ? ಒಂದು ಗ್ರಾಂ ವೆನಿಲಿನ್‌ಗೆ ಒಂಬತ್ತು ಗ್ರಾಂ ಡಿಪಿಜಿ ಹಾಕಿ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಅಲ್ಲಾಡಿಸುತ್ತಾ ಇದ್ದರೆ ಸೂಜಿಯಂಥ ಹರಳುಗಳು ಒಂದೊಂದೇ ಸಣ್ಣಗಾಗಿ ಮರೆಯಾಗುತ್ತವೆ. ಅದನ್ನು ನೋಡುತ್ತಾ ಕೂರುವುದೇ ಒಂದು ಸುಖ.

ಮಣ್ಣಿಗೆ ಮಳೆ ಬಿದ್ದಾಗ ಬರುವ ವಾಸನೆಯ ಜಿಯೋಸ್ಮಿನ್ ಇನ್ನೂ ಮಜಾ. ನೀರಿನಲ್ಲಿ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಒಂದು ಸೆಂಟಿಗೆ ಅದು 0.1 ಮಿಲಿಗ್ರಾಂ ಸಾಕು ಅಂತಿಟ್ಟುಕೊಳ್ಳಿ. ನನ್ನ ತೂಕದ ಯಂತ್ರ 0.01 ಗ್ರಾಂ ತನಕ ಮಾತ್ರ ತೋರಿಸುತ್ತದೆ, ಅಂದರೆ 10 ಮಿಲಿಗ್ರಾಂ. ನೇರವಾಗಿ ತೂಗುವ ಮಾತೇ ಇಲ್ಲ. ಆದರೆ ಡಿಪಿಜಿಯಲ್ಲಿ ಶೇ 0.1ಕ್ಕೆ ತೆಳು ಮಾಡಿಟ್ಟರೆ ಅದರ 0.1 ಗ್ರಾಂ ತೂಗಿದರಾಯಿತು. ಲೆಕ್ಕ ಮುಗಿಯಿತು. ಮೂಗೂ ಉಳಿಯಿತು.

ಹಾಗಂತ ಸಾಲ್ವೆಂಟ್ ಪಾಪದ ಪ್ರಾಣಿ ಅಂತ ನಾನು ಹೇಳುತ್ತಿಲ್ಲ. ಅದು ವಾಸನೆಯನ್ನು ಹಿಡಿದಿಡುತ್ತದೆ. ಆಲ್ಕೊಹಾಲ್ ಕುದಿಯುವುದು 78 ಡಿಗ್ರಿಗೆ, ಡಿಪಿಜಿ ಸುಮಾರು 230ಕ್ಕೆ. ಸ್ಪ್ರೇ ಮಾಡಿದ ಕ್ಷಣದಲ್ಲೇ ಆಲ್ಕೊಹಾಲ್ ಹಾರಿಹೋಗಿ ಪರಿಮಳವನ್ನು ಬಿಟ್ಟುಕೊಡುತ್ತದೆ. ಡಿಪಿಜಿ ಚರ್ಮದ ಮೇಲೇ ಕೂತು, ಪರಿಮಳದ ಅಣುಗಳನ್ನೂ ಕೂರಿಸಿಕೊಂಡು, ನಿಧಾನಕ್ಕೆ ಕಳಿಸುತ್ತದೆ. ಆಲ್ಕೊಹಾಲ್ ಇಲ್ಲದ ರೋಲ್-ಆನ್‌ಗಳಲ್ಲಿ ಆ ಮೊದಲ ಘಮ್ಮೆನ್ನುವ ಹೊಡೆತ ಇಲ್ಲದಿರುವುದು ಇದಕ್ಕೇ. ಕೆಲವರಿಗೆ ಆ ಮೆಲ್ಲಗಿನ ಪರಿಮಳವೇ ಇಷ್ಟ. ನನಗೆ ಅಷ್ಟು ಹಿಡಿಸುವುದಿಲ್ಲ.

ನನ್ನ ತಕರಾರು ಇರುವುದು ಮುಚ್ಚುಮರೆಯ ಬಗ್ಗೆ. 'ಶೇ 20 ಕಾನ್ಸಂಟ್ರೇಟ್' (ಆಲ್ಕೊಹಾಲ್‌ಗೆ ಸೇರಿಸುವ ಮೊದಲಿನ ಪರಿಮಳದ ಮಿಶ್ರಣ) ಅಂತ ಬರೆದ 100 ಗ್ರಾಂ ಸೆಂಟು ತಗೊಳ್ಳಿ. ಒಳಗೆ 20 ಗ್ರಾಂ ಕಾನ್ಸಂಟ್ರೇಟ್ ಇದೆ, ಸರಿ. ಆದರೆ ಆ 20ರಲ್ಲಿ 10 ಗ್ರಾಂ ಮೊದಲೇ ಡಿಪಿಜಿಯಲ್ಲಿ ಶೇ 10ಕ್ಕೆ ತೆಳು ಮಾಡಿದ್ದಾಗಿದ್ದರೆ? 9 ಗ್ರಾಂ ಬರೀ ಡಿಪಿಜಿ. ಪರಿಮಳ ಉಳಿದದ್ದು 11 ಗ್ರಾಂ. ಮಾಡಿದವರು ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ.

ನನಗೂ ಹೀಗೇ ಆಗಿದೆ. 'ನೂರಕ್ಕೆ ನೂರು ಶುದ್ಧ, ಕೆಮಿಕಲ್ ಇಲ್ಲ' ಅಂತ ಬರೆದಿದ್ದ ಗುಲಾಬಿ ಎಣ್ಣೆ ತರಿಸಿದ್ದೆ. ವಾಸನೆ ನೋಡುವ ಕಾಗದದ ಬ್ಲಾಟರ್ ಪಟ್ಟಿಯನ್ನು ಅದರಲ್ಲಿ ಅದ್ದಿದೆ. ವಾಸನೆ ಪೂರ್ತಿ ಹೋದ ಮೇಲೂ ಕಾಗದದ ತುದಿ ಒದ್ದೆಯಾಗಿಯೇ ಇತ್ತು. ಅನುಮಾನ ಬಂದು ಒಂದು ಲೋಟ ನೀರಿಗೆ ಎರಡು ಹನಿ ಬಿಟ್ಟೆ. ಬರೀ ಎಣ್ಣೆಯಾಗಿದ್ದರೆ ಮೇಲೆ ಕಣ್ಣುಕಣ್ಣಾಗಿ ತೇಲಬೇಕಿತ್ತು. ಇದು ಬಿದ್ದ ಜಾಗದಲ್ಲೇ ಹೊಗೆಯ ಹಾಗೆ ಬೆಳ್ಳಗೆ ಹರಡಿತು. ಡಿಪಿಜಿ ನೀರಿನ ಜೊತೆ ಹೋಯಿತು, ಕೈಬಿಟ್ಟ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಹಾಲುಹಾಲಾಯಿತು. (ಐಪಿಎಂ ಬೆರೆಸಿದ್ದರೆ ಈ ಪರೀಕ್ಷೆ ನಡೆಯುತ್ತಿರಲಿಲ್ಲ, ಅದೂ ತೇಲುತ್ತದೆ.) ಮಾರಿದವರನ್ನು ಕೇಳಿದರೆ, "ಎಲ್ಲರೂ ಹಾಗೇ ಮಾಡೋದು ಸರ್" ಅಂದರು. ಮಾಡಲಿ ಸ್ವಾಮಿ. ಬಾಟಲಿ ಮೇಲೆ ಅದನ್ನೇ ಬರೆದಿದ್ದರೆ ನಾನು ಖುಷಿಯಾಗಿ ತಗೊಳ್ಳುತ್ತಿದ್ದೆ.

ಈ 'ಕೆಮಿಕಲ್ ಇಲ್ಲ' ಅನ್ನುವ ಮಾತೇ ತಲೆ ತಿನ್ನುವುದು. ಡಿಪಿಜಿಯ ಬೇರು ಹುಡುಕಿಕೊಂಡು ಹೋದರೆ ಸಾಮಾನ್ಯವಾಗಿ ಪೆಟ್ರೋಲಿಯಂ ಸಿಗುತ್ತದೆ, ಒಪ್ಪಿದೆ. ಐಪಿಎಂನಲ್ಲಿ ದೊಡ್ಡ ಭಾಗ ತೆಂಗಿನೆಣ್ಣೆಯಂಥದ್ದರಲ್ಲಿ ಸಿಗುವ ಮಿರಿಸ್ಟಿಕ್ ಆಮ್ಲ. ಬೆಂಝಿಲ್ ಬೆಂಝೊಯೇಟ್ ಪೆರು ಬಾಲ್ಸಮ್ ಅನ್ನುವ ಮರದ ಅಂಟಿನಲ್ಲಿ ತಾನಾಗಿಯೇ ಇರುತ್ತದೆ. ಆದರೆ ಯುರೋಪಿನ ಕಾನೂನು ಅಲರ್ಜಿ ತರಬಹುದಾದ ಪರಿಮಳ ವಸ್ತುಗಳ ಪಟ್ಟಿಯಲ್ಲಿ ಇಟ್ಟಿರುವುದು ಇದೇ ಬೆಂಝಿಲ್ ಬೆಂಝೊಯೇಟನ್ನು, ಡಿಪಿಜಿಯನ್ನಲ್ಲ. ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ, ಚರ್ಮಕ್ಕೆ ಏನು ಮಾಡುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ.

ಡಿಇಪಿ ಕತೆಯೂ ಹೀಗೇ. ಥಾಲೇಟ್ ಅನ್ನುವ ಮನೆತನದ ಹೆಸರು ಅದಕ್ಕೆ ಮುಳುವಾಗಿದೆ. ಅದೇ ಮನೆತನದ ಡಿಬಿಪಿ, ಡಿಇಎಚ್‌ಪಿಗಳನ್ನು ಯುರೋಪಿನಲ್ಲಿ ಕಾಸ್ಮೆಟಿಕ್‌ಗಳಿಗೆ ಬಳಸುವ ಹಾಗಿಲ್ಲ, ಸಂತಾನಶಕ್ತಿಗೆ ತೊಂದರೆ ಅಂತ. ಡಿಇಪಿಗೆ ಆ ನಿಷೇಧ ಅಂಟಿಲ್ಲ. ಆದರೂ ಜನ ಹೆದರುತ್ತಾರೆ ಅಂತ ಎಷ್ಟೋ ಜನ ಅದನ್ನು ಬಿಟ್ಟು ಟ್ರೈಈಥೈಲ್ ಸಿಟ್ರೇಟ್ ಅನ್ನುವ ಇನ್ನೊಂದು ಸಾಲ್ವೆಂಟ್ ಕಡೆ ಹೋದರು. ನಾನೂ ಹೊಸದಾಗಿ ಡಿಇಪಿ ತರುವುದು ಬಿಟ್ಟಿದ್ದೇನೆ. ಭಯ ಅಂತಲ್ಲ, ಉಡುಗೊರೆ ಕೊಟ್ಟಾಗ ಪ್ರತಿಸಲ ಇಷ್ಟೆಲ್ಲ ವಿವರಿಸುವಷ್ಟು ತಾಳ್ಮೆ ನನಗಿಲ್ಲ.

ನಿಜವಾಗಿ ಹೆದರಬೇಕಾದದ್ದು ಹೆಸರು ಅದಲುಬದಲಾಗುವುದಕ್ಕೆ. 1937ರಲ್ಲಿ ಅಮೆರಿಕದಲ್ಲಿ ಒಂದು ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಜಾಸ್ತಿ ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಮರುವರ್ಷವೇ ಹೊಸ ಕಾನೂನು ಬಂತು, ಕಾಸ್ಮೆಟಿಕ್‌ಗಳೂ ಅದರ ಕೆಳಗೆ ಬಂದವು. ಡೈಎಥಿಲೀನ್ ಗ್ಲೈಕಾಲ್, ಡೈಪ್ರೊಪಿಲೀನ್ ಗ್ಲೈಕಾಲ್. ಓದಲು ಹೆಚ್ಚುಕಮ್ಮಿ ಒಂದೇ ಥರ, ನೋಡಲೂ ಒಂದೇ ಥರ. ಮೊದಲನೆಯದು ಕುಡಿದರೆ ಕಿಡ್ನಿ ಹೋಗುತ್ತದೆ. ಎರಡನೆಯದು ನನ್ನ ಡಿಪಿಜಿ. ಹಾಗಾಗಿ ಹೆಸರಿಲ್ಲದ ಡಬ್ಬದಿಂದ ಸುರಿದುಕೊಟ್ಟ ಸಾಲ್ವೆಂಟ್ ಎಷ್ಟೇ ಅಗ್ಗವಾಗಿರಲಿ, ನಾನು ಮುಟ್ಟುವುದಿಲ್ಲ.

ಈಗ ನನ್ನ ಚೀಟಿಗಳೆಲ್ಲ ಪೆನ್ಸಿಲ್ಲಿನಲ್ಲಿ. ಆಲ್ಕೊಹಾಲ್ ಚೆಲ್ಲಿದರೂ ಪೆನ್ಸಿಲ್ ಗುರುತು ಕರಗುವುದಿಲ್ಲ. ವಸ್ತುವಿನ ಹೆಸರು, ಶೇಕಡಾ ಎಷ್ಟು, ಯಾವುದರಲ್ಲಿ ಕರಗಿಸಿದ್ದು, ತಾರೀಕು. ಆ 'ಶುದ್ಧ' ಗುಲಾಬಿ ಬಾಟಲಿಯನ್ನು ಎಸೆದಿಲ್ಲ, ವಾಸನೆ ಚೆನ್ನಾಗೇ ಇದೆ. ಅದಕ್ಕೂ ಒಂದು ಚೀಟಿ ಅಂಟಿಸಿದ್ದೇನೆ: 'ಗುಲಾಬಿ, ಶೇ 30?, ಡಿಪಿಜಿ ಇರಬೇಕು.'