ಎಸ್24 ಅಲ್ಟ್ರಾನಾ, ಐಫೋನ್ 15 ಪ್ರೋನಾ? ನನ್ನ ಲೆಕ್ಕ ಹೀಗಿದೆ

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ, ಆಪಲ್ ಐಫೋನ್ 15 ಪ್ರೋ ಎರಡೂ ನನ್ನ ಹತ್ತಿರ ಇವೆ, ಎರಡನ್ನೂ ದಿನಾ ಬಳಸುತ್ತೇನೆ. ಯಾವುದು ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಎತ್ತುವುದು ಗಾಜಿನ ವಿಷಯ. ಕ್ಯಾಮೆರಾ, ಪ್ರೊಸೆಸರ್ ಎಲ್ಲ ಆಮೇಲೆ.

ಅಲ್ಟ್ರಾದ ಪರದೆಗೆ ಹಾಕಿರುವುದು ಕಾರ್ನಿಂಗ್‌ನವರ ಗೊರಿಲ್ಲಾ ಆರ್ಮರ್ ಅನ್ನುವ ಗಾಜು. ಮಾಮೂಲಿ ಗಾಜಿಗೆ ಹೋಲಿಸಿದರೆ ಪ್ರತಿಫಲನ ಶೇ. 75ರವರೆಗೆ ಕಡಿಮೆ ಅನ್ನುವುದು ಅವರ ಮಾತು. ಎರಡೂ ಫೋನಿನ ಪರದೆ ಆಫ್ ಮಾಡಿ, ಟ್ಯೂಬ್‌ಲೈಟ್ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿ. ಐಫೋನಿನಲ್ಲಿ ಇಡೀ ಲೈಟು ಬೆಳ್ಳಗೆ ಕಾಣುತ್ತದೆ, ಅಲ್ಟ್ರಾದಲ್ಲಿ ಮಂಕಾದ ಒಂದು ಗೆರೆ ಅಷ್ಟೇ. ಸ್ಪೆಕ್ ಶೀಟ್‌ನಲ್ಲಿ ಪರದೆಯ ಗರಿಷ್ಠ ಬೆಳಕು ಅಲ್ಟ್ರಾದ್ದು 2600 ನಿಟ್ಸ್, ಐಫೋನಿನದ್ದು 2000 ನಿಟ್ಸ್ (ನಿಟ್ಸ್ ಅಂದರೆ ಬೆಳಕಿನ ಅಳತೆ) ಅಂತ ಇರುತ್ತದೆ, ಆದರೆ ಮಟಮಟ ಬಿಸಿಲಲ್ಲಿ ನಿಂತು ಮೆಸೇಜ್ ಓದುವಾಗ ಗೊತ್ತಾಗುವ ವ್ಯತ್ಯಾಸ ಆ ಅಂಕಿಗಿಂತ ಎಷ್ಟೋ ಜಾಸ್ತಿ. ಯಾಕೆಂದರೆ ಅಲ್ಲಿ ಪರದೆ ಎಷ್ಟು ಬೆಳಗುತ್ತದೆ ಅನ್ನುವುದರ ಜೊತೆಗೆ, ಆಕಾಶ ಅದರಲ್ಲಿ ಎಷ್ಟು ಕಾಣುತ್ತದೆ ಅನ್ನುವುದೂ ಮುಖ್ಯ. ದಯವಿಟ್ಟು ಇಂಥ ಫೋನಿಗೆ ಸಿಕ್ಕಿದ ಟೆಂಪರ್ಡ್ ಗ್ಲಾಸ್ ಅಂಟಿಸಬೇಡಿ, ಆ ಗುಣವೇ ಹೊರಟುಹೋಗುತ್ತದೆ. 2025ರಲ್ಲಿ ಐಫೋನ್ 17ಕ್ಕೆ ಆಪಲ್ ಕೂಡ ಪ್ರತಿಫಲನ ತಗ್ಗಿಸುವ ಲೇಪನ ತಂದಿತು. ಅದು ಇನ್ನೂ ಮುಂಚೆಯೇ ಬರಬೇಕಿತ್ತು.

ಇನ್ನು ತೂಕ. ಅಲ್ಟ್ರಾ 232 ಗ್ರಾಂ, 15 ಪ್ರೋ 187 ಗ್ರಾಂ. 45 ಗ್ರಾಂ ಏನು ಮಹಾ ಅನಿಸುತ್ತದೆ, ಅಲ್ವಾ? ರಾತ್ರಿ ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಅರ್ಧ ಗಂಟೆ ಓದಿ ನೋಡಿ, ಕಿರುಬೆರಳೇ ಹೇಳುತ್ತದೆ. ಈ ವಿಷಯದಲ್ಲಿ ಐಫೋನ್‌ಗೆ ಪೂರ್ತಿ ಅಂಕ. ಒಂದೇ ಕೈಯಲ್ಲಿ ಟೈಪ್ ಮಾಡಬಹುದು, ಜೇಬಲ್ಲಿ ಇದೆ ಅಂತಲೇ ಗೊತ್ತಾಗುವುದಿಲ್ಲ.

ಕ್ಯಾಮೆರಾ ವಿಷಯಕ್ಕೆ ಬಂದರೆ 200 ಮೆಗಾಪಿಕ್ಸೆಲ್ ಅನ್ನುವ ಸಂಖ್ಯೆಗೆ ಮರುಳಾಗಬೇಡಿ. ಮಾಮೂಲಿಯಾಗಿ ಫೋಟೋ ತೆಗೆದರೆ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಕೊನೆಗೆ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. ಕತ್ತಲಲ್ಲಿ ಅದು ಒಳ್ಳೆಯದೇ. ಐಫೋನಿನ 48 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ 24ರ ಫೋಟೋ ಕೊಡುತ್ತದೆ. ದೂರದ ಹಕ್ಕಿ, ವೇದಿಕೆಯ ಮೇಲಿನ ಮುಖ ಬೇಕಾದರೆ ನಾನು ಯೋಚಿಸದೆ ಅಲ್ಟ್ರಾ ತೆಗೆಯುತ್ತೇನೆ, ಅದರ 5ಎಕ್ಸ್, ಅಂದರೆ ಐದು ಪಟ್ಟು ಜೂಮ್ ಮಾಡುವ ಲೆನ್ಸ್ ಅಷ್ಟು ಚೆನ್ನಾಗಿದೆ. 15 ಪ್ರೋದಲ್ಲಿ 3ಎಕ್ಸ್ ಮಾತ್ರ, 5ಎಕ್ಸ್ ಬೇಕಾದರೆ ಪ್ರೋ ಮ್ಯಾಕ್ಸ್‌ಗೇ ಹೋಗಬೇಕು, ಇದು ಸರಿಯಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ವಿಡಿಯೋ ಆದರೆ ಮಾತೇ ಇಲ್ಲ, ಐಫೋನ್. ಯುಎಸ್‌ಬಿ-ಸಿ ಬಂದಮೇಲೆ ಎಸ್‌ಎಸ್‌ಡಿ (ಹೊರಗಿನ ಸ್ಟೋರೇಜ್ ಡ್ರೈವ್) ಚುಚ್ಚಿ, ಪ್ರೋರೆಸ್ ಅನ್ನುವ ಆಪಲ್‌ನ ಹೆಚ್ಚು ಗುಣಮಟ್ಟದ, ದೊಡ್ಡ ಫೈಲಿನ ವಿಡಿಯೋವನ್ನು ನೇರವಾಗಿ ಅದಕ್ಕೇ ರೆಕಾರ್ಡ್ ಮಾಡಬಹುದು. ಆದರೆ ಬಾಕ್ಸ್‌ನಲ್ಲಿ ಬರುವ ಕೇಬಲ್ ಯುಎಸ್‌ಬಿ 2ರ ನಿಧಾನ ವೇಗದ್ದು, ಈ ಕೆಲಸಕ್ಕೆ ಬೇರೆ ಕೇಬಲ್ಲೇ ಬೇಕು.

ಅಲ್ಟ್ರಾದ ಒಳಗೇ ಇರುವ, ಪರದೆಯ ಮೇಲೆ ಬರೆಯುವ ಎಸ್ ಪೆನ್ ಬಗ್ಗೆ ಹೆಚ್ಚು ಹೇಳಲ್ಲ. ಪಿಡಿಎಫ್‌ಗೆ ಸಹಿ ಹಾಕುವವರಿಗೆ ವರ, ಉಳಿದವರಿಗೆ ಸುಮ್ನೆ ಒಳಗೆ ಇರುತ್ತದೆ.

ಅಪ್‌ಡೇಟ್ ಯೋಚನೆ ಎರಡರಲ್ಲೂ ಬೇಡ. ಸ್ಯಾಮ್‌ಸಂಗ್ ಎಸ್24ಕ್ಕೆ 7 ವರ್ಷ ಅಂತ ಹೇಳಿದೆ, ಆಪಲ್ 2018ರ ಐಫೋನ್ ಎಕ್ಸ್‌ಎಸ್‌ಗೂ 2024ರ ಐಓಎಸ್ 18 ಕೊಟ್ಟಿತು. ಅಷ್ಟು ವರ್ಷ ಬ್ಯಾಟರಿ ಬಾಳಬೇಕಲ್ಲ, ಅದೇ ಪ್ರಶ್ನೆ. ಎರಡರಲ್ಲೂ ಚಾರ್ಜ್ ಶೇ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಮನೆಯಲ್ಲೇ ಇರುವ ದಿನಗಳಲ್ಲಿ ಅದನ್ನು ಆನ್ ಮಾಡಿಡಿ.

ಒಂದೇ ಇಟ್ಟುಕೋ ಅಂದರೆ ನಾನು ಅಲ್ಟ್ರಾ ಇಟ್ಟುಕೊಳ್ಳುತ್ತೇನೆ. ನನ್ನ ಓದೆಲ್ಲ ಫೋನಿನಲ್ಲೇ, ಅದೂ ಹೆಚ್ಚಾಗಿ ಹೊರಗೆ. ಸಣ್ಣ ಕೈಯವರು, ವಿಡಿಯೋ ಜಾಸ್ತಿ ಮಾಡುವವರು ಕಣ್ಣುಮುಚ್ಚಿ 15 ಪ್ರೋ ತಗೊಳ್ಳಿ.