ಬ್ಲೂ ರಿಡ್ಜ್ ಪಾರ್ಕ್‌ವೇ: ಎಲ್ಲಿ ನಿಲ್ಲಬೇಕು, ಎಷ್ಟು ನಂಬಬೇಕು

ಅಮೆರಿಕದ ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಬೆಟ್ಟಸಾಲಿನ ಮೇಲೆ 755 ಕಿಲೋಮೀಟರ್ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ವಿಹಾರ ರಸ್ತೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿನ ನಿಸರ್ಗವನ್ನು ಹೊಗಳಿ ಸುಮ್ಮನಾಗುತ್ತಾರೆ. ಕಾರಿನ ಕಿಟಕಿಯಿಂದ ಕಾಣುವುದರಲ್ಲಿ ಬಹುಪಾಲು ಯಾರೋ ಕುಳಿತು, ಯೋಚಿಸಿ, ಜೋಡಿಸಿದ್ದು ಎಂಬ ಅರಿವಿಟ್ಟುಕೊಂಡೇ ಈ ದಾರಿಯಲ್ಲಿ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ.

ಆರ್ಥಿಕ ಮಹಾಕುಸಿತದ ನಿರುದ್ಯೋಗದ ನಡುವೆ, 1935ರಲ್ಲಿ, ಇದರ ಕೆಲಸ ಆರಂಭವಾಯಿತು. ವಿನ್ಯಾಸದ ಹೊಣೆ ಹೊತ್ತವರು ಸ್ಟ್ಯಾನ್ಲಿ ಅಬಟ್. ಅವರು ರಸ್ತೆ ಎಂಜಿನಿಯರ್ ಅಲ್ಲ, ಭೂದೃಶ್ಯ ವಿನ್ಯಾಸಕರು. ಊರಿಂದೂರಿಗೆ ಬೇಗ ತಲುಪಿಸುವುದು ಈ ರಸ್ತೆಯ ಉದ್ದೇಶವೇ ಆಗಿರಲಿಲ್ಲ. ಸರಕು ಲಾರಿಗಳಿಗೆ ಪ್ರವೇಶವಿಲ್ಲ, ಜಾಹೀರಾತು ಫಲಕಗಳಿಲ್ಲ, ವೇಗದ ಗರಿಷ್ಠ ಮಿತಿ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್. ಪೆಟ್ರೋಲ್ ಬಂಕ್ ಕೂಡ ಇಲ್ಲದಿರುವುದರಿಂದ ಇಂಧನಕ್ಕಾಗಿ ಅಕ್ಕಪಕ್ಕದ ಊರುಗಳಿಗೆ ಇಳಿಯಲೇಬೇಕು.

ಅತಿ ಹೆಚ್ಚು ಛಾಯಾಚಿತ್ರ ತೆಗೆಸಿಕೊಂಡ ನಿಲುಗಡೆಗಳಲ್ಲಿ ವರ್ಜೀನಿಯಾದಲ್ಲಿ, ರಸ್ತೆಯ ಉತ್ತರ ತುದಿಯಿಂದ ಎಣಿಸಿದರೆ 176ನೇ ಮೈಲಿಯಲ್ಲಿರುವ ಮೇಬ್ರಿ ಮಿಲ್ ಒಂದು. ಕೊಳದ ಅಂಚಿನಲ್ಲಿ ಮರದ ಹಲಗೆಗಳ ಗಿರಣಿ, ಅದಕ್ಕೆ ತಾಗಿದ ನೀರಿನ ಚಕ್ರ, ಸ್ವಲ್ಪ ದೂರದಲ್ಲಿ ದಿಮ್ಮಿಗಳಿಂದ ಕಟ್ಟಿದ ಗುಡಿಸಲು. ನೋಡಿದವರು ಇದೆಲ್ಲ ಇನ್ನೂರು ವರ್ಷದ ಹಿಂದಿನದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಎಡ್ ಮೇಬ್ರಿ ಈ ಗಿರಣಿಯನ್ನು ಕಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ. ಅವರ ಸಂಸಾರ ಬಾಳಿದ್ದು ಹಲಗೆ ಹೊದಿಸಿದ, ಆ ಕಾಲಕ್ಕೆ ಆಧುನಿಕವೇ ಆಗಿದ್ದ ಎರಡಂತಸ್ತಿನ ಮನೆಯಲ್ಲಿ. ಆ ಮನೆಯನ್ನು ಕೆಡವಿ, ಬೇರೆ ಕಡೆಯಿಂದ ದಿಮ್ಮಿಯ ಗುಡಿಸಲನ್ನು ತಂದು ನಿಲ್ಲಿಸಲಾಯಿತು. ಬೆಟ್ಟದ ಜನ ಬಡವರಾಗಿ, ಹಳಬರಾಗಿಯೇ ಕಾಣಬೇಕೆಂಬ ಹಂಬಲ ಪ್ರವಾಸಿಗರಿಗಿಂತ ಮೊದಲು ರಸ್ತೆ ಮಾಡಿದವರಿಗೇ ಇತ್ತೆಂದು ತೋರುತ್ತದೆ. ಗಿರಣಿಯನ್ನು ಖಂಡಿತ ನೋಡಿ, ಗುಡಿಸಲನ್ನು ಮಾತ್ರ ಅನುಮಾನದಿಂದಲೇ ನೋಡಿ.

ಇದಕ್ಕೆ ತದ್ವಿರುದ್ಧವಾದದ್ದು ನಾರ್ತ್ ಕೆರೊಲಿನಾದ 304ನೇ ಮೈಲಿಯ ಲಿನ್ ಕೋವ್ ಸೇತುವೆ. ಗ್ರ್ಯಾಂಡ್‌ಫಾದರ್ ಬೆಟ್ಟದ ಒಡೆಯರು ಎತ್ತರದ ಮಾರ್ಗವನ್ನು ಬಲವಾಗಿ ವಿರೋಧಿಸಿದ್ದರಿಂದ ರಸ್ತೆಯ ಈ ತುಣುಕು ದಶಕಗಳ ಕಾಲ ನನೆಗುದಿಗೆ ಬಿದ್ದಿತ್ತು. ಕೊನೆಗೆ ಬೆಟ್ಟದ ಮೈಯನ್ನು ಕಡಿಯದೆ, ಅದರ ಮಗ್ಗುಲಲ್ಲೇ ಹಾವಿನಂತೆ ಬಳುಕುವ 379 ಮೀಟರ್ ಉದ್ದದ ಸೇತುವೆಯನ್ನು ಕಟ್ಟಿದರು. ಬೇರೆಡೆ ಎರಕ ಹೊಯ್ದು ತಂದ 153 ಕಾಂಕ್ರೀಟ್ ತುಂಡುಗಳನ್ನು, ಅದಾಗಲೇ ಕಟ್ಟಿದ ಭಾಗದ ಮೇಲೆ ನಿಂತೇ ಒಂದೊಂದಾಗಿ ಮುಂದಕ್ಕೆ ಜೋಡಿಸಲಾಯಿತು. ಸುತ್ತಲಿನ ಬಂಡೆಯ ಬಣ್ಣಕ್ಕೆ ಹೊಂದಲೆಂದು ಕಾಂಕ್ರೀಟ್‌ಗೆ ಐರನ್ ಆಕ್ಸೈಡ್ ಬೆರೆಸಿದರು. 1987ರಲ್ಲಿ ಇದು ತೆರೆದಾಗಲಷ್ಟೇ ಪಾರ್ಕ್‌ವೇ ಪೂರ್ಣವಾಯಿತು. ಮೇಲೆ ಕಾರು ಓಡಿಸಿಕೊಂಡು ಹೋದವರಿಗೆ ಇದ್ಯಾವುದೂ ಕಾಣಿಸುವುದಿಲ್ಲ. ಕಾಲುದಾರಿ ಹಿಡಿದು ಕೆಳಗಿಳಿದು, ಬಂಡೆಗಳ ನಡುವೆ ಊರಿದ ಕಂಬಗಳನ್ನು ತಲೆಯೆತ್ತಿ ನೋಡಬೇಕು. ಮನುಷ್ಯನ ಕೈವಾಡವನ್ನು ಹಳೆಯ ಕಾಲದ ವೇಷ ತೊಡಿಸಿ ಮುಚ್ಚದ ಕಾರಣಕ್ಕೇ ಇದು ನನಗೆ ಇಡೀ ದಾರಿಯಲ್ಲಿ ಹೆಚ್ಚು ಮೆಚ್ಚುಗೆಯಾಗುವ ನಿಲುಗಡೆ.

ಜೂನ್ ತಿಂಗಳಲ್ಲಿ ಹೋಗುವವರು ಕ್ರ್ಯಾಗಿ ಗಾರ್ಡನ್ಸ್‌ನ ರೋಡೊಡೆಂಡ್ರನ್ ಹೂವುಗಳನ್ನು ತಪ್ಪಿಸಿಕೊಳ್ಳಬಾರದು. ಮಿಸಿಸಿಪಿ ನದಿಯ ಪೂರ್ವಕ್ಕೆ ಅತಿ ಎತ್ತರವಾದ, 2,037 ಮೀಟರ್‌ನ ಮೌಂಟ್ ಮಿಚೆಲ್ ಶಿಖರದ ಸಮೀಪಕ್ಕೂ ಕವಲು ರಸ್ತೆಯಿದೆ. ಪಾರ್ಕ್‌ವೇಯ ಅತ್ಯುನ್ನತ ಬಿಂದುವೆಂದು ಫಲಕ ಹಾಕಿರುವ ರಿಚ್‌ಲ್ಯಾಂಡ್ ಬಾಲ್ಸಮ್‌ನಲ್ಲಿ ಜನ ಹೆಚ್ಚಾಗಿ ಫಲಕದ ಮುಂದೆಯೇ ನಿಂತಿರುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾ ಭಾಗದಲ್ಲಿ ರಸ್ತೆಯನ್ನು ಹಲವೆಡೆ ಕೊಚ್ಚಿಕೊಂಡು ಹೋಯಿತು. ಚಳಿಗಾಲದಲ್ಲಿ ಹಿಮದಿಂದಾಗಿ ಗೇಟು ಮುಚ್ಚುವುದೂ ಉಂಟು. ಆದ್ದರಿಂದ ಹೊರಡುವ ಮೊದಲು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಲತಾಣದಲ್ಲಿ ಯಾವ ಭಾಗ ತೆರೆದಿದೆ ಎಂದು ನೋಡಿಕೊಂಡು, ಅಷ್ಟಕ್ಕೆ ತಕ್ಕಂತೆ ನಿಲುಗಡೆಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು.