ಅಳತೆ ಚಿಕ್ಕದಾಯಿತು

ಮೇ ತಿಂಗಳ ಕೊನೆಯ ವಾರ. ಅಡಿಕೆಗೆ ಮೊದಲ ಮದ್ದು ಹೊಡೆಸುವ ಚಿಂತೆಯಲ್ಲಿ ನಾನಿದ್ದಾಗ, ಸಿರ್ಸಿಯಲ್ಲಿ ಬಿಬಿಎ ಓದುವ ಮಗಳು ತನ್ನ ಚಿಂತೆಯನ್ನೂ ತಂದು ಜಗುಲಿಯ ಮೇಲೆ ಇಳಿಸಿದಳು. ಯಾವುದಾದರೂ ಒಂದು ಆನ್‌ಲೈನ್ ಅಂಗಡಿಯನ್ನು ಆರಿಸಿಕೊಂಡು ಕೇಸ್ ಸ್ಟಡಿ ಬರೆಯಬೇಕಂತೆ. ಅದು ಹುಟ್ಟಿದ್ದು ಹೇಗೆ, ದುಡ್ಡು ಬರುವುದು ಎಲ್ಲಿಂದ, ಸಾಮಾನು ಮುಟ್ಟಿಸುವುದು ಹೇಗೆ, ಕೊನೆಗೆ ಗಿರಾಕಿಯಾಗಿ ಸ್ವಂತ ಅನುಭವವೇನು.

"ಬರೆಯುವುದು ಕಷ್ಟವಲ್ಲ ಅಪ್ಪಯ್ಯ, ಆರಿಸುವುದೇ ಕಷ್ಟ" ಎಂದಳು. ತರಗತಿಯಲ್ಲಿ ಅರ್ಧ ಮಂದಿ ಅಮೆಜಾನ್ ಹಿಡಿದಿದ್ದರು, ಉಳಿದರ್ಧ ಫ್ಲಿಪ್‌ಕಾರ್ಟ್. ಅವಳ ಟಿಪ್ಪಣಿ ಪುಸ್ತಕ ತಿರುವಿ ನೋಡಿದೆ. ಒಂದು ಹುಟ್ಟಿದ್ದು 1994ರಲ್ಲಿ ಅಮೆರಿಕದಲ್ಲಿ, ಇನ್ನೊಂದು 2007ರಲ್ಲಿ ಬೆಂಗಳೂರಿನಲ್ಲಿ. ಎರಡೂ ಮೊದಲು ಮಾರಿದ್ದು ಪುಸ್ತಕ. ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಅಣ್ಣತಮ್ಮಂದಿರಲ್ಲ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ನನಗೇನೂ ಆಶ್ಚರ್ಯವಾಗಲಿಲ್ಲ. ಸಿರ್ಸಿ ಬಸ್ ನಿಲ್ದಾಣದಲ್ಲಿ "ಹೆಗಡೆಯವರೇ" ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ; ಅವರಲ್ಲಿ ಒಬ್ಬರೂ ಇನ್ನೊಬ್ಬರಿಗೆ ಸಾಲ ಕೊಡುವಷ್ಟು ನೆಂಟರಾಗಿರುವುದಿಲ್ಲ.

ಇನ್ನೊಂದು ಪುಟದಲ್ಲಿ, ವಿದೇಶಿ ಬಂಡವಾಳದ ಇಂತಹ ಕಂಪನಿ ನಮ್ಮ ದೇಶದಲ್ಲಿ ಸ್ವಂತ ದಾಸ್ತಾನು ಇಟ್ಟು ಗಿರಾಕಿಗೆ ಮಾರುವಂತಿಲ್ಲ, ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸಿ ಕಮಿಷನ್ ಪಡೆಯಬಹುದು ಎಂದಿತ್ತು. "ಇದರಲ್ಲಿ ಹೊಸದೇನಿದೆ? ನಮ್ಮ ಅಡಿಕೆ ಬೆಳೆಗಾರರ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ನಾನು ಒಣಗಿಸಿ ಸುಲಿದ ಚಾಲಿ ಅಡಿಕೆಯ ಮೂಟೆ ಒಯ್ದು ಇಳಿಸುತ್ತೇನೆ, ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ, ಸೊಸೈಟಿ ಕಮಿಷನ್ ಹಿಡಿದು ಪಟ್ಟಿ ಕೊಡುತ್ತದೆ. ಅದನ್ನೇ ಬರೆ" ಎಂದೆ.

"ಅದು ಆನ್‌ಲೈನ್ ಅಲ್ಲವಲ್ಲ!"

ಲೈನಂತೂ ಸುಗ್ಗಿಯಲ್ಲಿ ಗೇಟಿನ ತನಕ ಇರುತ್ತದೆ ಎಂದ ನನ್ನ ಮಾತಿಗೆ ಮನೆಯಲ್ಲಿ ಯಾರೂ ನಗಲಿಲ್ಲ.

ಕೊನೆಗೆ ಯಾರೂ ಹಿಡಿಯದ ಮೂರನೆಯ ಅಂಗಡಿಯೊಂದನ್ನು ಆರಿಸಿದಳು. ಹೆಸರು ಬೇಡ. ಸ್ವಂತ ಅನುಭವಕ್ಕಾಗಿ ಏನಾದರೂ ತರಿಸಲೇಬೇಕಲ್ಲ, ಹೇಗೂ ದೋಟಿ ಬೇಕಾಗಿದೆ, ಅದನ್ನೇ ತರಿಸು ಎಂದೆ. ಮರ ಹತ್ತಿ ಗೊನೆ ಕೊಯ್ಯುವ, ಮದ್ದು ಹೊಡೆಯುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ನಮ್ಮ ಕಡೆ ಫೈಬರ್ ದೋಟಿ ಬಂದಿದೆ. ಒಂದರೊಳಗೊಂದು ಸೇರುವ ಕೊಳವೆಗಳನ್ನು ಎಳೆದು ಎತ್ತರಿಸಿದರೆ, ನೆಲದ ಮೇಲೆ ನಿಂತೇ ಮರದ ತುದಿಯ ಅಡಿಕೆ ಗೊನೆಗೆ ಬೋರ್ಡೋ ಮದ್ದು ಸಿಂಪಡಿಸಬಹುದು. ನನ್ನ ಮರಗಳಿಗೆ 60 ಅಡಿಯದು ಬೇಕು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ, ಗೊಬ್ಬರದ ಗುಂಡಿಯ ಬಲಪಕ್ಕದಲ್ಲಿ ಮಾತ್ರ. ಅಲ್ಲಿ ನಿಂತು ಡಿ, ಓ, ಟಿ, ಐ ಎಂದು ಬರೆದೆವು. ಚಿತ್ರ ಬರಬೇಕಾದ ಜಾಗದಲ್ಲಿ ಚಕ್ರ ತಿರುಗುತ್ತಲೇ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ "ದೋಟಿ, ಹಗುರ, 3.6 ಮೀಟರ್" ಎಂದು, ಮುಂದೆ ಮೂರು ಚುಕ್ಕಿ. ಬೆಲೆ 649 ರೂಪಾಯಿ. 3.6 ಮೀಟರ್ ಎಂದರೆ ಸುಮಾರು 12 ಅಡಿ, ಐದು ತುಂಡು ಕೂಡಿಸಿದರೆ 60. ಅಡಿಕೆ ಬೆಳೆಗಾರನಿಗೆ ಗುಣಾಕಾರ ಯಾರೂ ಹೇಳಿಕೊಡಬೇಕಾಗಿಲ್ಲ.

"ಚಿತ್ರ ಬರಲಿ ಅಪ್ಪಯ್ಯ."

"ಚಿತ್ರ ಬರುವಷ್ಟರಲ್ಲಿ ಮಳೆ ಬರುತ್ತದೆ. ಐದು ಒತ್ತು."

ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವ ಸೌಲಭ್ಯವೂ ಇತ್ತು. ಫ್ಲಿಪ್‌ಕಾರ್ಟ್ ಇದನ್ನು ಶುರುಮಾಡಿದ್ದು 2010ರಲ್ಲಿ ಎಂದು ಮಗಳ ಟಿಪ್ಪಣಿ ಹೇಳುತ್ತದೆ. ಆ ಪದ್ಧತಿ ಇರದಿದ್ದರೆ ನಾನು ಬಚಾವಾಗುತ್ತಿದ್ದೆ. ನೋಡದ ಮನುಷ್ಯನಿಗೆ ಮುಂಗಡ ಕೊಡುವ ಜಾತಿ ನನ್ನದಲ್ಲ.

ಆರನೆಯ ದಿನ ಫೋನ್ ಬಂತು. ಹುಡುಗ ನಮ್ಮ ಮಣ್ಣುರಸ್ತೆಗೆ ಇಳಿಯಲೊಪ್ಪದೆ ಡಾಂಬರು ರಸ್ತೆಯ ಹಾಲಿನ ಡೇರಿಯ ಹತ್ತಿರ ನಿಂತಿದ್ದ. 12 ಅಡಿಯ ಕೊಳವೆಗಳನ್ನು ಸ್ಕೂಟರಿನಲ್ಲಿ ತರಲಾಗುತ್ತದೆಯೇ? ಪಕ್ಕದ ಮನೆಯವರ ಪಿಕಪ್ ಕೇಳಿದೆ. ಹಿಂದಕ್ಕೆ ಚಾಚಿಕೊಂಡ ತುದಿಗೆ ಕಟ್ಟಲು ಕೆಂಪು ಬಟ್ಟೆಯನ್ನೂ ಕೇಳಿದೆ. ಮನೆಯಾಕೆ ಹಳೆಯ ರವಿಕೆಯ ತೋಳು ಹರಿದುಕೊಟ್ಟಳು.

ಡೇರಿಯ ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಪೊಟ್ಟಣವಿತ್ತು. ತಲೆದಿಂಬಿನಷ್ಟು. "ಉಳಿದದ್ದು?" ಎಂದೆ. "ಇಷ್ಟೇ ಸರ್, 3,245 ರೂಪಾಯಿ" ಎಂದ ಹುಡುಗ. ದುಡ್ಡು ಎಣಿಸಿಕೊಂಡ ಮೇಲೆಯೇ ಒಡೆಯಬೇಕಂತೆ. ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ಸುತ್ತ ನಿಂತರು. ಒಡೆದೆ. ಜರಿ ಅಂಚಿನ, ಗಂಜಿ ಹಾಕಿ ಇಸ್ತ್ರಿ ಮಾಡಿದ, ಬೆಳ್ಳನೆಯ ಐದು ಧೋತಿಗಳು. ಇಂಗ್ಲಿಷಿಗೆ ದೋಟಿಯೂ ಒಂದೇ, ಧೋತಿಯೂ ಒಂದೇ. "ಮನೆಯಲ್ಲಿ ಉಪನಯನವೇ?" ಎಂದು ಡೇರಿಯ ಕಾರ್ಯದರ್ಶಿ ಕೇಳಿದರು. ಕೆಂಪು ತೋಳನ್ನು ಮಡಚಿ ಜೇಬಿಗಿಟ್ಟುಕೊಂಡು, ಖಾಲಿ ಪಿಕಪ್ಪಿನಲ್ಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಮತ್ತೆ ದಿಬ್ಬ ಹತ್ತಿದೆವು. ಹಿಂದಿರುಗಿಸಲು ಕಾರಣ ಒತ್ತಬೇಕು: ಬಣ್ಣ ಬೇರೆ, ಹರಿದಿದೆ, ಅಳತೆ ದೊಡ್ಡದಾಯಿತು, ಅಳತೆ ಚಿಕ್ಕದಾಯಿತು. ಇದ್ದುದರಲ್ಲಿ ಸತ್ಯಕ್ಕೆ ಹತ್ತಿರವಾದದ್ದು ಕೊನೆಯದೇ, ಅದನ್ನೇ ಒತ್ತಿದೆ. ಕೂಡಲೇ ಉತ್ತರ ಬಂತು: ಇದಕ್ಕಿಂತ ಒಂದು ಅಳತೆ ದೊಡ್ಡದು ಲಭ್ಯವಿದೆ, ಕಳಿಸೋಣವೇ? ಎರಡು ದಿನ ಬಿಟ್ಟು "ನಮ್ಮವರು ಬಂದಿದ್ದರು, ಗಿರಾಕಿ ಮನೆಯಲ್ಲಿರಲಿಲ್ಲ" ಎಂಬ ಸಂದೇಶವೂ ಬಂತು. ಆ ಎರಡು ದಿನವೂ ನಾನು ಅಂಗಳ ಬಿಟ್ಟು ಕದಲಿರಲಿಲ್ಲ.

ದೋಟಿಯನ್ನು ಸಿರ್ಸಿಯ ಅಂಗಡಿಯಲ್ಲೇ ತಂದೆ. ಒಳಗೆ ಕಾಲಿಡುತ್ತಿದ್ದಂತೆ ಅಂಗಡಿಯವರು ಕೇಳಿದ್ದು "ಎಷ್ಟು ಅಡಿ?" ಎಂದು. ಧೋತಿಗಳಲ್ಲಿ ಒಂದು ಭಟ್ಟರಿಗೆ, ಒಂದು ಭಾವನಿಗೆ, ಒಂದು ಪಿಕಪ್ ಕೊಟ್ಟ ತಪ್ಪಿಗೆ ಪಕ್ಕದ ಮನೆಯವರಿಗೆ ಹೋಯಿತು.

ಮಗಳಿಗೆ ಮಾತ್ರ ಲಾಭವಾಯಿತು. ಉಳಿದವರು ಸ್ವಂತ ಅನುಭವ ಎಂದು ನಾಲ್ಕು ಸಾಲು ಗೀಚಿದ್ದಲ್ಲಿ ಇವಳು ಆರು ಪುಟ ಬರೆದಳು, ಇಂಗ್ಲಿಷಿನಲ್ಲಿ, ಕೋಷ್ಟಕದ ಸಮೇತ: ಬೇಕಾಗಿದ್ದ ಉದ್ದ, ಬಂದ ಉದ್ದ, ವ್ಯತ್ಯಾಸ. ಅವರ ಉಪನ್ಯಾಸಕರು ಬಯಲುಸೀಮೆಯವರು. ಮೊನ್ನೆ ವರದಿ ತಿದ್ದಿ ಮರಳಿಸಿದ್ದಾರೆ. ಒಳ್ಳೆಯ ಅಂಕವನ್ನೇ ಕೊಟ್ಟಿದ್ದಾರೆ, ಕೋಷ್ಟಕದ ಮೊದಲ ಸಾಲಿಗೆ ಮಾತ್ರ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: "60 ಅಡಿಯ ಧೋತಿ ಯಾರಿಗೆ?"